ಎಣ್ಣೆ ಕುಡಿದ ಬ್ರೇಕ್ ಶೂ: ‘ಘರ್ಷಣೆ’ ಪಾಠಕ್ಕೊಂದು ಬೋಧನೋಪಕರಣ

ಎಂಟನೆಯ ತರಗತಿಗೆ ‘ಘರ್ಷಣೆ’ ಪಾಠ ಮಾಡಲು ನಾವೆಲ್ಲ ಕೇರಂ ಪೌಡರು, ಸವೆದ ಚಪ್ಪಲಿ ಹಿಡಿದು ಹೋಗುತ್ತೇವೆ. ನನ್ನ ಪಾಠಯೋಜನೆಯಲ್ಲೂ ಅವೇ ಇದ್ದವು. ಪಾಠದ ಹಿಂದಿನ ಭಾನುವಾರ ಅಪ್ಪನ ಹಳೆಯ ಮಾರುತಿ ಓಮ್ನಿಯ ಹಿಂಚಕ್ರ ಬಿಚ್ಚಬೇಕಾಯಿತು. ತರಕಾರಿ ಹೇರಿಕೊಂಡು ಹೋಗುವ ಗಾಡಿ. ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದರೂ ಜಾರುತ್ತಿತ್ತು. ಎಡ ಹಿಂಟೈರಿನ ಒಳಮೈಯಲ್ಲಿ ಎಣ್ಣೆಯ ಗೆರೆ.

ಸೋರಿದ್ದು ಯಾವ ಎಣ್ಣೆ ಎಂಬುದು ಮೊದಲ ಪ್ರಶ್ನೆ. ಬ್ರೇಕ್ ಆಯಿಲ್ ನೀರಿನಂತೆ ತೆಳು. ಅದಾಗಿದ್ದರೆ ವೀಲ್ ಸಿಲಿಂಡರ್ ಕೆಟ್ಟಿದೆ ಎಂದರ್ಥ. ನಮ್ಮದು ಮಂದವಾಗಿ, ಗಂಧಕದ ಘಾಟಿನಿಂದ ಕೂಡಿತ್ತು, ಅಂದರೆ ಗೇರ್ ಆಯಿಲ್. ಓಮ್ನಿಯಲ್ಲಿ ಎಂಜಿನ್ನಿನ ಶಕ್ತಿ ಹಿಂಚಕ್ರಗಳಿಗೆ ಹೋಗುತ್ತದೆ. ಆಕ್ಸಲ್ ಕೊಳವೆಯೊಳಗಿನ ಎಣ್ಣೆ ಚಕ್ರದ ಕಡೆ ಬಾರದಂತೆ ತಡೆಯುವುದು ಒಂದು ರಬ್ಬರ್ ಸೀಲ್. ಅದರ ತುಟಿಯನ್ನು ಸಣ್ಣ ಸ್ಪ್ರಿಂಗ್ ಆಕ್ಸಲ್ಲಿಗೆ ಒತ್ತಿ ಹಿಡಿದಿರುತ್ತದೆ. ತುಟಿ ಸವೆದರೆ ಎಣ್ಣೆ ನೇರ ಬ್ರೇಕಿಗೆ. ಆಕ್ಸಲ್ ಮೇಲಿನ ಗಾಳಿಕಿಂಡಿ ಕಟ್ಟಿಕೊಂಡರೂ ಒಳಗೆ ಒತ್ತಡ ಏರಿ ಹೊಸ ಸೀಲೂ ಸೋರುತ್ತದೆ. ಅದನ್ನು ಮೊದಲು ಶುಚಿಗೊಳಿಸಿದೆವು.

ಡ್ರಮ್ ಬಿಚ್ಚಲು ಹ್ಯಾಂಡ್‌ಬ್ರೇಕ್ ಇಳಿಸಲೇಬೇಕು. ಹಾಗಾಗಿ ಮುಂಚಕ್ರಗಳಿಗೆ ಕಲ್ಲು ಕೊಟ್ಟು, ಆಕ್ಸಲ್ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಟ್ಟೆವು. ಜಾಕ್ ಒಂದನ್ನೇ ನಂಬುವಂತಿಲ್ಲ. ದೂಳನ್ನು ಊದಲಿಲ್ಲ. ಹಳೆಯ ಲೈನರಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಆಕ್ಸಲ್ ಹೊರಗೆಳೆದು, ಹಳೆಯ ಸೀಲ್ ಕಿತ್ತು, ಹೊಸದನ್ನು ಸ್ಪ್ರಿಂಗ್ ಇರುವ ಮುಖ ಎಣ್ಣೆಯ ಕಡೆಗೆ ಬರುವಂತೆ ಸುತ್ತಲೂ ಸಮವಾಗಿ ತಟ್ಟಿ ಕೂರಿಸಿದೆವು. ಬೇರಿಂಗ್ ಚೆನ್ನಾಗಿತ್ತು, ಇಲ್ಲದಿದ್ದರೆ ಅದು ಪ್ರೆಸ್ ಇರುವ ವರ್ಕ್‌ಶಾಪಿನ ಕೆಲಸ. ಶೂಗಳನ್ನು ಎರಡೂ ಕಡೆ ಬದಲಾಯಿಸಬೇಕು, ಆದರೆ ಒಂದು ಕಡೆ ಮುಗಿಸಿ ಇನ್ನೊಂದು. ಸ್ಪ್ರಿಂಗ್ ಎಲ್ಲಿತ್ತು ಎಂದು ಮರೆತಾಗ ಬಿಚ್ಚದ ಕಡೆಯೇ ನಮಗೆ ಮಾದರಿ. ಗೆರೆ ಬಿದ್ದಿದ್ದ ಎಡ ಡ್ರಮ್ಮನ್ನೂ ಬದಲಾಯಿಸಿ, ಆಕ್ಸಲ್ಲಿಗೆ ಗೇರ್ ಆಯಿಲ್ ತುಂಬಿ, ಖಾಲಿ ಮೈದಾನದಲ್ಲಿ ನಿಧಾನವಾಗಿ ಓಡಿಸಿ ಬ್ರೇಕ್ ನೋಡಿದ ಮೇಲೆಯೇ ಅಪ್ಪ ಗಾಡಿಗೆ ಮೂಟೆ ಹಾಕಿದ್ದು.

ಹಳೆಯ ಡ್ರಮ್, ಬಲಗಡೆಯ ಒಣ ಶೂ, ಎಡಗಡೆಯ ಎಣ್ಣೆ ಶೂ, ಮೂರನ್ನೂ ತೊಳೆದು ಶಾಲೆಗೆ ಒಯ್ದೆ. ಒಬ್ಬರು ಶೂವನ್ನು ಡ್ರಮ್ಮಿನ ಒಳಮೈಗೆ ಒತ್ತುವುದು, ಇನ್ನೊಬ್ಬರು ಡ್ರಮ್ ತಿರುಗಿಸುವುದು. ‘ಎ’ ವಿಭಾಗದಲ್ಲಿ ಎಣ್ಣೆ ಶೂವನ್ನೇ ಮೊದಲು ಕೊಟ್ಟುಬಿಟ್ಟೆ. ಡ್ರಮ್ಮಿಗೂ ಎಣ್ಣೆ ಮೆತ್ತಿ, ಆಮೇಲೆ ಒಣ ಶೂ ಕೂಡ ಜಾರಿತು. “ಎರಡೂ ಒಂದೇ ಅಲ್ವಾ ಸರ್?” ಎಂದು ಮಕ್ಕಳು ಕೇಳಿದರು. ಅವರು ಕಂಡದ್ದು ಸರಿಯಾಗಿಯೇ ಇತ್ತು, ತಪ್ಪಿದ್ದು ನನ್ನ ಕ್ರಮ. ವೀಕ್ಷಣೆಗೆ ಬಂದಿದ್ದ ಮಾರ್ಗದರ್ಶಕರು ಏನೋ ಬರೆದುಕೊಂಡರು. ‘ಬಿ’ ವಿಭಾಗಕ್ಕೆ ಡ್ರಮ್ಮನ್ನು ಸೋಪಿನಲ್ಲಿ ತಿಕ್ಕಿ, ಒಣಗಿಸಿ, ಒಣ ಶೂ ಮೊದಲು ಕೊಟ್ಟೆ. ವ್ಯತ್ಯಾಸ ಅವರ ಕೈಗೇ ತಿಳಿಯಿತು.

ಅಲ್ಲೊಬ್ಬ ಹುಡುಗ ಕೇಳಿದ: “ಶೂ ಒರೆಸಿ ಮತ್ತೆ ಹಾಕ್ಬಹುದಲ್ವಾ ಸರ್?” ಇದು ಯೋಜನೆಯಲ್ಲಿರಲಿಲ್ಲ. ಸೀಮೆಸುಣ್ಣದ ತುಂಡಿಗೆ ಎಣ್ಣೆ ಹಚ್ಚಿ, ಹೀರಿಕೊಳ್ಳಲು ಬಿಟ್ಟು, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಅವನ ಕೈಗೇ ಕೊಟ್ಟೆ. ಕಪ್ಪುಹಲಗೆಯ ಮೇಲೆ ಎಷ್ಟು ಒತ್ತಿದರೂ ಅದು ಸರಿಯಾಗಿ ಬರೆಯಲಿಲ್ಲ.