ಎಣ್ಣೆ, ನೀರು ಮತ್ತು ಸೀಗೆ

ಎ, ಡಿ, ಇ ಜೀವಸತ್ತ್ವಗಳು ಕರಗುವುದು ಎಣ್ಣೆಯಲ್ಲಿ. ಹಾಗಾದರೆ ತಿಳಿಯಾದ ಪಾನಕದಲ್ಲಿ ಅವನ್ನು ಬೆರೆಸುವುದೆಂತು?

ಉತ್ತರ ನಿಮ್ಮ ಬಚ್ಚಲುಮನೆಯಲ್ಲೇ ಇದೆ. ಸೀಗೆಯ ನೊರೆಗೆ ಕಾರಣವಾದ ಸಪೋನಿನ್ ಒಂದು ತುದಿಯಿಂದ ಎಣ್ಣೆಯನ್ನೂ ಇನ್ನೊಂದರಿಂದ ನೀರನ್ನೂ ಹಿಡಿಯುತ್ತದೆ. ಪಾನೀಯಗಳಲ್ಲಿ ಚಿಲಿ ದೇಶದ ಕ್ವಿಲ್ಲಾಯ ಮರದ ಸಪೋನಿನ್ ಬಳಸುವುದುಂಟು. ಜೀವಸತ್ತ್ವವಿರುವ ಎಣ್ಣೆಯನ್ನು ಅದರೊಡನೆ ಭಾರಿ ಒತ್ತಡದಲ್ಲಿ ಸೀಳಿ, ಹನಿಗಳನ್ನು ಮಿಲಿಮೀಟರಿನ ಸುಮಾರು 20,000ದಲ್ಲಿ ಒಂದು ಪಾಲಿನಷ್ಟು ಸಣ್ಣದಾಗಿಸುತ್ತಾರೆ. ಹಾಲಿನ ದೊಡ್ಡ ಹನಿಗಳು ಬೆಳಕನ್ನು ಚೆದರಿಸುವುದರಿಂದ ಹಾಲು ಬೆಳ್ಳಗೆ. ಇವು ಚೆದರಿಸುವುದು ಅತ್ಯಲ್ಪವಾದ್ದರಿಂದ ಪಾನಕ ತಿಳಿ. ಹನಿ ಕಿರಿದಾದಷ್ಟೂ ಜೀರ್ಣರಸಕ್ಕೆ ಸಿಗುವ ಮೈ ಹೆಚ್ಚು. ಜೀವಸತ್ತ್ವ ಬೇಗ ಮೈಗೂಡುತ್ತದೆ.

ಆದರೆ ನೀರಿನಂತೆ ಕಂಡಿತೆಂದು ಮೋಸಹೋಗಬೇಡಿ. ಎ, ಡಿ ಜೀವಸತ್ತ್ವಗಳು ದೇಹದಲ್ಲಿ ಶೇಖರವಾಗುತ್ತವೆ, ಮಿತಿಮೀರಿದರೆ ವಿಷವೇ. ಇದನ್ನು ಸೀಸೆಯ ಚೀಟಿಯಲ್ಲಿರುವ ಪ್ರಮಾಣ ನೋಡಿ ಕುಡಿಯಿರಿ. ಬಾಯಾರಿಕೆಗೆ ನೀರೇ ಸಾಕು.