ಕ್ಯಾಮರಾದ ಲೆನ್ಸು: ಹೆಸರಿಗೆಷ್ಟು, ಗುಣಕ್ಕೆಷ್ಟು?

ಕಾಚವನ್ನೂ ಮಣಿಯನ್ನೂ ಎದುರುಬದುರಾಗಿಟ್ಟು ಕಾಚವನ್ನು ಹೀಗಳೆಯುವದರಲ್ಲಿ ನಮ್ಮ ಸಂಸ್ಕೃತ ಸುಭಾಷಿತಕಾರರು ಎಂದೂ ಬೇಸತ್ತವರಲ್ಲ. ಮೂವತ್ತು ವರ್ಷಗಳವರೆಗೆ ಆ ಪಾಠವನ್ನೇ ಹುಡುಗರಿಗೆ ಹೇಳಿಕೊಟ್ಟ ನಾನು, ಬಂಗಾರವನ್ನು ಒತ್ತೆಯಿಟ್ಟು ಗಾಜನ್ನು ಕೊಳ್ಳಬಹುದೋ ಬಾರದೋ ಎಂಬ ವ್ಯಾಜ್ಯದಲ್ಲಿ ಪಂಚನಾಗಿ ಕುಳಿತುಕೊಳ್ಳುವ ಕಾಲವು ಬರುವದೆಂದು ಕನಸಿನಲ್ಲಿಯೂ ಎಣಿಸಿರಲಿಲ್ಲ. ಕಳೆದ ಪುಷ್ಯಮಾಸದಲ್ಲಿ ಹಾಗೆಯೇ ಆಯಿತು.

ನಮ್ಮ ನಂದೂರಿನಲ್ಲಿ ತೊಗರಿಯ ರಾಶಿ ಮುಗಿದ ದಿನಗಳವು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ತಾಯಿಯನ್ನು ಕರೆದುಕೊಂಡು ಮನೆಗೆ ಬಂದನು. ಆತನು ಕಲಬುರಗಿಯಲ್ಲಿ ಚಿಕ್ಕದೊಂದು ಫೋಟೋ ಸ್ಟುಡಿಯೋ ಇಟ್ಟುಕೊಂಡು, ಲಗ್ನಮುಂಜಿಗಳಿಗೆ ಹೋಗಿ ಚಿತ್ರ ತೆಗೆದು ಸಂಸಾರ ನಡೆಸುವವನು. ಆತನ ಕ್ಯಾಮರಾ ಸೋನಿ ಕಂಪನಿಯದು. ಅದಕ್ಕೆ ಅದೇ ಕಂಪನಿಯ ದೊಡ್ಡ ಲೆನ್ಸೊಂದು ಬೇಕು, ಅದರ ಬೆಲೆ ಎರಡು ಲಕ್ಷ ರೂಪಾಯಿಗಳ ಆಸುಪಾಸು, ತಾಯಿಯ ಪಾಟಲಿಗಳನ್ನು ಬ್ಯಾಂಕಿನಲ್ಲಿಟ್ಟು ಸಾಲ ಎತ್ತುವದೇ ಉಪಾಯವೆಂದು ಆತನ ನಿರ್ಣಯವಾಗಿದ್ದಿತು. ತಾಯಿ ಬಾಗಿಲ ಬಳಿಯಲ್ಲಿಯೇ ಕುಳಿತು, “ಗುರುಗಳೇ, ಇಡಬ್ಯಾಡಂತ ನಾ ಅನ್ನಂಗಿಲ್ರಿ. ಆದ್ರ ಖರೇನೇ ಅಷ್ಟು ಕಿಮ್ಮತ್ತು ಅದ ಏನ್ರಿ ಆ ಗಾಜಿಗೆ?” ಎಂದು ಕೇಳಿದರು. ಮಗನು ತಲೆ ತಗ್ಗಿಸಿ, “ಸರ್, ಕಂಪನಿ ಲೆನ್ಸ್ ಇಲ್ಲಂದ್ರ ದೊಡ್ಡ ಲಗ್ನದವ್ರು ಕರಿಯಂಗಿಲ್ರಿ” ಎಂದನು. ಇಬ್ಬರದೂ ನಿಜವಾದ ಮಾತೇ. ನಾನು ಎಂಟು ದಿನಗಳ ಅವಕಾಶ ಕೇಳಿಕೊಂಡೆನು. ಛಾಯಾಚಿತ್ರದ ಹುಚ್ಚು ನನಗೂ ಬಹುಕಾಲದಿಂದ ಇರುವದರಿಂದ ವಿಷಯವು ತೀರ ಅಪರಿಚಿತವಾದದ್ದಾಗಿರಲಿಲ್ಲ.

ಲೆನ್ಸಿಗೆ ಶಾಲೆಯ ಪುಸ್ತಕಗಳಲ್ಲಿ ಮಸೂರವೆನ್ನುವರು. ಮಸೂರವೆಂಬದು ಸಂಸ್ಕೃತದಲ್ಲಿ ಒಂದು ಬೇಳೆಕಾಳಿನ ಹೆಸರು. ಲ್ಯಾಟಿನ್ ಭಾಷೆಯಲ್ಲಿ ‘ಲೆನ್ಸ್’ ಎಂಬದೂ ಅದೇ ಕಾಳಿನ ಹೆಸರು. ನಡುವೆ ಉಬ್ಬಿ ಅಂಚಿಗೆ ತೆಳ್ಳಗಾದ ಆ ರೂಪವೇ ಎರಡು ಕಡೆಯವರಿಗೂ ಹೊಳೆಯಿತು. ಬೇಳೆಯ ವ್ಯಾಪಾರದಲ್ಲಿಯೇ ಬೆಳೆದ ನಮ್ಮ ಸೀಮೆಯವರಿಗೆ ಇದು ರುಚಿಸದೆ ಇರಲಾರದು. ಇರಲಿ. ಕ್ಯಾಮರಾದ ಲೆನ್ಸಿನಲ್ಲಿ ಇಂಥ ಗಾಜುಗಳು ಒಂದರ ಹಿಂದೊಂದರಂತೆ ಐದಾರರಿಂದ ಇಪ್ಪತ್ತರವರೆಗೂ ಇರುತ್ತವೆ. ಅವುಗಳ ನಡುವೆ ಬೆಳಕನ್ನು ಒಳಗೆ ಬಿಡುವ ಒಂದು ಕಿಂಡಿ ಇರುವದು. ಈ ಕಿಂಡಿಯ ಲೆಕ್ಕವು ತಿಳಿದರೆ ಬೆಲೆಯ ಅರ್ಧ ಗುಟ್ಟು ತಿಳಿದಂತೆಯೇ.

ಲೆನ್ಸಿನ ಮೇಲೆ ಎಫ್/1.8, ಎಫ್/5.6 ಎಂದು ಬರೆದಿರುವದನ್ನು ವಾಚಕರು ನೋಡಿರಬಹುದು. ಲೆನ್ಸಿನ ನಾಭಿದೂರವನ್ನು ಆ ಅಂಕಿಯಿಂದ ಭಾಗಿಸಿದರೆ ಕಿಂಡಿಯ ಅಗಲ ಬರುತ್ತದೆ. 50 ಮಿಲಿಮೀಟರಿನ ಲೆನ್ಸಿನಲ್ಲಿ ಎಫ್/1.8 ಎಂದರೆ ಸುಮಾರು 28 ಮಿಲಿಮೀಟರು, ನಮ್ಮ ಹತ್ತು ರೂಪಾಯಿಯ ನಾಣ್ಯದಷ್ಟು, ಎಫ್/5.6 ಎಂದರೆ 9 ಮಿಲಿಮೀಟರು, ಒಂದು ಬಟಾಣಿ ಕಾಳಿನಷ್ಟು. ಬೆಳಕು ಅಗಲದ ವರ್ಗಕ್ಕೆ ತಕ್ಕಂತೆ ಒಳಬರುವದಾದ್ದರಿಂದ ಮೊದಲನೆಯದು ಎರಡನೆಯದಕ್ಕಿಂತ ಹೆಚ್ಚು ಕಡಿಮೆ ಹತ್ತು ಪಟ್ಟು ಬೆಳಕನ್ನು ಕೊಡುತ್ತದೆ. ಕ್ಯಾಮರಾದ ಜೊತೆಗೆ ಅಂಗಡಿಯವರು ಕೊಡುವ ಸಾಮಾನ್ಯ ಲೆನ್ಸು ಹತ್ತಿರದ ಮುಖವನ್ನು ತೆಗೆಯುವಾಗ ಈ ಬಟಾಣಿಕಿಂಡಿಯದೇ. ಲಗ್ನದ ಮನೆಯ ನಡುಮನೆಯಲ್ಲಿ, ದೇವರ ಕೋಣೆಯ ದೀಪದಲ್ಲಿ ಚಿತ್ರವು ಕದಡಿಹೋಗುವದು ಈ ಕಾರಣದಿಂದ. ಕಿಂಡಿ ದೊಡ್ಡದಾದಷ್ಟೂ ಗಾಜು ದೊಡ್ಡದು. ಗಾಜು ದೊಡ್ಡದಾದಷ್ಟೂ ಅಂಚಿನಲ್ಲಿ ಬೆಳಕು ಅಡ್ಡಾದಿಡ್ಡಿ ಬಾಗುವದನ್ನೂ ಬಣ್ಣಗಳು ಒಡೆಯುವದನ್ನೂ ತಿದ್ದುವ ಕಷ್ಟ ಹೆಚ್ಚು. ವಿಶೇಷ ಜಾತಿಯ ಗಾಜು, ಗೋಲವಲ್ಲದ ಮೈಯ ಗಾಜು, ಅದನ್ನು ಕೂದಲೆಳೆಯಷ್ಟೂ ತಪ್ಪದಂತೆ ಕೂಡ್ರಿಸುವ ಕೈ, ಫೋಕಸ್ ಮಾಡುವ ಮೋಟಾರು, ಧೂಳು ನೀರು ನುಗ್ಗದಂತೆ ರಬ್ಬರಿನ ಬಳೆ, ಇವೆಲ್ಲಕ್ಕೂ ಹಣ ಬೀಳುವದು. ಉಳಿದದ್ದು ಹೆಸರಿನ ಬೆಲೆ.

ಹೆಸರಿನ ಬೆಲೆ ಎಷ್ಟೆಂಬದನ್ನು ಒಂದು ಜೋಡಿಯಿಂದ ತೋರಿಸುವೆನು. ಸೋನಿ ಕಂಪನಿಯು 2016ರಲ್ಲಿ ಹೊರಡಿಸಿದ 24–70 ಮಿ.ಮೀ. ಎಫ್/2.8 ಲೆನ್ಸಿಗೆ ಅಮೇರಿಕೆಯಲ್ಲಿ ಸುಮಾರು 2,200 ಡಾಲರು ಬೆಲೆ ಇಟ್ಟಿದ್ದರು. ತೂಕ 886 ಗ್ರಾಂ. ಟ್ಯಾಮ್ರಾನ್ ಕಂಪನಿಯು 2018ರಲ್ಲಿ ಅದೇ ಕ್ಯಾಮರಾಗಳಿಗೆ ಹೊಂದುವ 28–75 ಮಿ.ಮೀ. ಎಫ್/2.8 ಲೆನ್ಸನ್ನು ಸುಮಾರು 800 ಡಾಲರಿಗೆ ಕೊಟ್ಟಿತು. ತೂಕ 550 ಗ್ರಾಂ. ಎರಡರ ಕಿಂಡಿಯ ಅಂಕಿಯೂ ಒಂದೇ. ಮೂರರಲ್ಲೊಂದು ಪಾಲಿಗಿಂತ ಕೊಂಚವೇ ಹೆಚ್ಚಿನ ಬೆಲೆಗೆ ಇದು ಹೇಗೆ ಸಾಧ್ಯ? ಲೆನ್ಸನ್ನೇ ಕಸುಬಾಗಿ ಮಾಡಿಕೊಂಡ ಮನೆಗಳು ಒಂದೇ ಗಾಜಿನ ರಚನೆಯನ್ನು ಬೇರೆ ಬೇರೆ ಕಂಪನಿಗಳ ಕ್ಯಾಮರಾಗಳಿಗೆ ಹೊಂದಿಸಿ ಮಾರುತ್ತವೆ. ಮೇಲಾಗಿ ಯಾವುದನ್ನು ಬಿಟ್ಟರೆ ಗಿರಾಕಿಗೆ ಹೆಚ್ಚು ಕೊರತೆಯಾಗದೆಂಬದನ್ನು ಚೆನ್ನಾಗಿ ಬಲ್ಲವು. ಇಲ್ಲಿ ಬಿಟ್ಟದ್ದು 24ರಿಂದ 28ರವರೆಗಿನ ಅಗಲನೋಟ. ಕೇಳುವದಕ್ಕೆ ನಾಲ್ಕೇ ಮಿಲಿಮೀಟರು; ನೋಟದ ಕೋನದಲ್ಲಿ 84 ಅಂಶವು 75ಕ್ಕೆ ಇಳಿಯುವದು.

ಇಂಥ ಮನೆಗಳು ನಿನ್ನೆ ಮೊನ್ನೆ ಹುಟ್ಟಿದವುಗಳಲ್ಲ. ಜಪಾನಿನ ಟ್ಯಾಮ್ರಾನ್, ಟೊಕಿನಾಗಳು 1950ರವು, ಸಿಗ್ಮಾ 1961ರದು, ಕೊರಿಯದ ಸಾಮ್‌ಯಾಂಗ್ 1972ರದು. ಚೀನದ ಯೊಂಗ್ನುವೊ, ವಿಲ್ಟ್ರಾಕ್ಸ್, ಲಾವೊವಾ ಮುಂತಾದವು ಈಚಿನ ಬೆಳೆ. ಇವು ಕೇವಲ ಸೋವಿಯೆಂದು ತಿಳಿಯುವದೂ ಸರಿಯಲ್ಲ. ಸಿಗ್ಮಾದವರು 2013ರಲ್ಲಿ 18–35 ಮಿ.ಮೀ. ಉದ್ದಕ್ಕೂ ಎಫ್/1.8 ಇರುವ ಲೆನ್ಸನ್ನು ಮಾಡಿದಾಗ ಅಂಥದು ಯಾವ ದೊಡ್ಡ ಹೆಸರಿನ ಮನೆಯಲ್ಲಿಯೂ ಇರಲಿಲ್ಲ.

ಈಗಿನ ಕುಲೀನರ ವಂಶಾವಳಿಯನ್ನು ತೆಗೆದು ನೋಡಿದರೆ ಇನ್ನೂ ಮೋಜು. ಇಂದು ಕ್ಯಾನನ್ನಿಗೆ ಕ್ಯಾನನ್ನಿನದೇ ಲೆನ್ಸು ಬೇಕೆಂದು ಹಟ ಹಿಡಿಯುವವರಿಗೆ, ಆ ಕಂಪನಿಯ 1936ರ ಮೊದಲ ಕ್ಯಾಮರಾ ‘ಹನ್ಸಾ ಕ್ಯಾನನ್’ ಎಂಬದಕ್ಕೆ ಇದ್ದ ಲೆನ್ಸು ನಿಪ್ಪೊನ್ ಕೊಗಾಕು, ಅಂದರೆ ಇಂದಿನ ನಿಕಾನ್ ಮನೆಯದೆಂದು ಹೇಳಿದರೆ ನಂಬುವದಿಲ್ಲ. (ಅದಕ್ಕೂ ಮೊದಲು, 1934ರಲ್ಲಿ, ಆ ಕ್ಯಾಮರಾದ ಮಾದರಿಗೆ ‘ಕ್ವಾನನ್’ ಎಂದು ಹೆಸರಿಟ್ಟಿದ್ದರು. ಅದು ನಮ್ಮ ಅವಲೋಕಿತೇಶ್ವರನಿಗೆ ಜಪಾನಿನಲ್ಲಿ ಇರುವ ಹೆಸರು. ಕರುಣೆಯಿಂದ ಕೆಳಗೆ ನೋಡುವವನ ಹೆಸರು ಕ್ಯಾಮರಾಕ್ಕೆ ಎಷ್ಟು ಒಪ್ಪುವದು!) ಆ ಕಾಲದಲ್ಲಿ ದೊಡ್ಡ ಹೆಸರುಗಳೆಂದರೆ ಜರ್ಮನಿಯ ಲೈಟ್ಜ್ ಮತ್ತು ಝೈಸ್. ಜಪಾನಿನ ಲೆನ್ಸುಗಳನ್ನು ಜರ್ಮನಿಯ ನಕಲೆಂದು ಮೂಗು ಮುರಿಯುತ್ತಿದ್ದರು. 1950ರಲ್ಲಿ ‘ಲೈಫ್’ ಪತ್ರಿಕೆಯ ಛಾಯಾಚಿತ್ರಗಾರ ಡೇವಿಡ್ ಡಗ್ಲಸ್ ಡಂಕನ್ನರು ಟೋಕಿಯೋದಲ್ಲಿದ್ದಾಗ ಜುನ್ ಮಿಕಿ ಎಂಬ ಜಪಾನಿ ಛಾಯಾಚಿತ್ರಗಾರರು ನಿಕ್ಕೋರ್ ಲೆನ್ಸಿನಿಂದ ಅವರದೊಂದು ಚಿತ್ರ ತೆಗೆದರು. ಆ ಚಿತ್ರದ ಸ್ಫುಟತೆಯನ್ನು ಕಂಡು ಬೆರಗಾದ ಡಂಕನ್ನರು ಕಾರಖಾನೆಗೇ ಹೋಗಿ ಪರೀಕ್ಷಿಸಿ, ತಮ್ಮ ಲೈಕಾ ಕ್ಯಾಮರಾಗಳಿಗೆ ನಿಕ್ಕೋರ್ ಲೆನ್ಸು ತೊಡಿಸಿಕೊಂಡು ಕೊರಿಯದ ಯುದ್ಧಕ್ಕೆ ನಡೆದರು. ಆ ವರ್ಷದ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಇದನ್ನು ಬರೆಯಿತು. ಪರರ ಕ್ಯಾಮರಾಕ್ಕೆ ಹೊಂದಿಕೊಂಡ ಆ ಲೆನ್ಸು ಜಗತ್ತಿಗೆ ಪರಿಚಿತವಾಯಿತು. ಇಂದು ಅದೇ ನಿಕಾನ್ ತುಟ್ಟಿಯ ಹೆಸರುಗಳಲ್ಲೊಂದು.

ಆದರೆ ಹಾಡಿನ ಇನ್ನೊಂದು ಚರಣವನ್ನೂ ಹೇಳಬೇಕು. ಅಂದಿನ ಲೆನ್ಸನ್ನು ಬೊಂಬಿನಂತೆ ತಿರುಪಿ ಕೂಡ್ರಿಸಿದರೆ ಮುಗಿಯಿತು. ಇಂದಿನ ಲೆನ್ಸು ಕ್ಯಾಮರಾದೊಡನೆ ಮಾತನಾಡುತ್ತದೆ. ಎಷ್ಟು ತಿರುಗಬೇಕು, ಕಿಂಡಿ ಎಷ್ಟು ಮುಚ್ಚಬೇಕು ಎಂಬುವೆಲ್ಲವೂ ಲೋಹದ ಬಿಂದುಗಳ ಮೂಲಕ ನಡೆಯುವ ಸಂಭಾಷಣೆ. ಸ್ವಂತ ಕಂಪನಿಯ ಲೆನ್ಸಿಗೆ ಅದು ತಾಯಿನುಡಿ. ಹೊರಗಿನ ಲೆನ್ಸು ಅನೇಕ ಸಲ ಅದನ್ನು ಹೊರಗೆ ನಿಂತು ಕೇಳಿ ಕೇಳಿ ಕಲಿತದ್ದು. ಸೋನಿಯವರು 2011ರಲ್ಲಿ ತಮ್ಮ ಇ-ಮೌಂಟಿನ ಮೂಲ ವಿವರಗಳನ್ನು ಇತರ ತಯಾರಕರಿಗೆ ಶುಲ್ಕವಿಲ್ಲದೆ ಕೊಡುವೆವೆಂದರು; ಅದಕ್ಕೆ ಹೊಂದುವ ಲೆನ್ಸುಗಳು ಇಂದು ಇಷ್ಟು ದೊರೆಯುವದಕ್ಕೆ ಅದೂ ಒಂದು ಕಾರಣ. ಕ್ಯಾನನ್ ಕಂಪನಿಯು 2018ರ ತನ್ನ ಆರ್‌ಎಫ್ ಮೌಂಟಿನ ಬಾಗಿಲನ್ನು ಬಿಗಿಯಾಗಿ ಹಿಡಿಯಿತು. 2022ರಲ್ಲಿ ವಿಲ್ಟ್ರಾಕ್ಸಿನ ಆರ್‌ಎಫ್ ಲೆನ್ಸುಗಳ ಮಾರಾಟವು ನಿಂತಿತು; 2024ರಲ್ಲಿ ಸಿಗ್ಮಾ, ಟ್ಯಾಮ್ರಾನುಗಳಿಗೆ ಅಪ್ಪಣೆ ದೊರೆತದ್ದು ಚಿಕ್ಕ ಸಂವೇದಕದ ಕ್ಯಾಮರಾಗಳ ಲೆನ್ಸುಗಳಿಗೆ. ಆದ್ದರಿಂದ ಕ್ಯಾಮರಾವನ್ನು ಕೊಳ್ಳುವಾಗಲೇ, ಮುಂದೆ ಇದಕ್ಕೆ ಹೊರಗಿನ ಲೆನ್ಸು ಸಿಕ್ಕೀತೇ ಎಂದು ವಿಚಾರಿಸಿಕೊಳ್ಳುವದು ಜಾಣತನ. ಬಾಗಿಲು ತೆರೆದ ಮನೆಯಲ್ಲಿಯೂ ಪಂಕ್ತಿಭೇದ ಉಂಟು: ಸೆಕೆಂಡಿಗೆ 20 ಚಿತ್ರ ತೆಗೆಯುವ ಸೋನಿ ಕ್ಯಾಮರಾವು ಹೊರಗಿನ ಲೆನ್ಸಿನಿಂದ 15ಕ್ಕೆ ನಿಲ್ಲುವದು. ಲಗ್ನದಲ್ಲಿ ಹದಿನೈದು ಸಾಲದೆಂದರೆ ಅದು ಲಗ್ನವಲ್ಲ, ಓಟದ ಪಂದ್ಯ.

ಈ ಭಾಷೆಯ ತೊಡಕಿನಿಂದ ನಾನೇ ಒಮ್ಮೆ ಮುಖಭಂಗಪಟ್ಟೆನು. ಕೆಲವು ವರ್ಷಗಳ ಹಿಂದೆ ಅಗ್ಗವೆಂದು ಒಂದು 50 ಮಿ.ಮೀ. ಲೆನ್ಸನ್ನು ತರಿಸಿದ್ದೆನು, ಮಾಡಿದವರ ಹೆಸರು ಬೇಡ. ಆರು ತಿಂಗಳು ಸೊಗಸಾಗಿ ನಡೆಯಿತು. ಆ ಮೇಲೆ ಕ್ಯಾಮರಾಕ್ಕೆ ಹೊಸ ತಂತ್ರಾಂಶ ತುಂಬಿದೆನು. ಇಬ್ಬರ ನಡುವೆ ಮಾತು ಕೆಟ್ಟಿತು. ತಂಗಿಯ ಮಗಳ ಲಗ್ನದಲ್ಲಿ ಅಕ್ಷತೆ ಬೀಳುವ ಕ್ಷಣದಲ್ಲಿ ಲೆನ್ಸು ಹಿಂದೆ ಮುಂದೆ ಹರಿದಾಡಿ ಕೊನೆಗೆ ಪುರೋಹಿತರ ಕಿವಿಯ ಮೇಲೆ ನಿಂತಿತು. ಆ ಕಿವಿಯ ಒಂದೊಂದು ಕೂದಲೂ ಸ್ಪಷ್ಟ, ವಧೂವರರು ಮಂಜಿನಲ್ಲಿ. ಲೆನ್ಸನ್ನು ತಿದ್ದೋಣವೆಂದರೆ ಅದರಲ್ಲಿ ತಂತಿ ಚುಚ್ಚುವ ತೂತೇ ಇರಲಿಲ್ಲ. ಮಾರಿದವರಿಗೆ ಬರೆದ ಪತ್ರಕ್ಕೆ ಉತ್ತರವೂ ಬರಲಿಲ್ಲ. ತಂಗಿ ಇಂದಿಗೂ ಆ ಚಿತ್ರವನ್ನು ನೆನಿಸಿ ನಗುತ್ತಾಳೆ, ಆದರೆ ಅಂದು ನಕ್ಕಿರಲಿಲ್ಲ. ತಂತ್ರಾಂಶವನ್ನು ತುಂಬುವ ಏರ್ಪಾಡು ಇಲ್ಲದ ಫೋಕಸ್-ಲೆನ್ಸನ್ನು ಕೊಳ್ಳಬೇಡಿರೆಂದು ನಾನು ಹೇಳುವದು ಈ ಕಿವಿಯ ಮೇಲಿನ ಆಣೆಯಿಂದ.

ವಿದ್ಯಾರ್ಥಿಯ ವಿಷಯಕ್ಕೆ ಬರುವೆನು. ಕಂಪನಿಯ ಲೆನ್ಸನ್ನು ಒಂದು ದಿನದ ಬಾಡಿಗೆಗೆ ಹೈದರಾಬಾದಿನಿಂದ ತರಿಸಿದೆವು. ಹೊರಗಿನ ಮನೆಯದೊಂದನ್ನು ಆತನ ಸ್ನೇಹಿತನಿಂದ ಕಡ ತಂದೆವು. ಎರಡನ್ನೂ ತೆಗೆದುಕೊಂಡು ಕಲಬುರಗಿಯ ಕೋಟೆಯೊಳಗಿನ ಜಾಮೀ ಮಸೀದಿಗೆ ಹೋದೆವು. 1367ರ ಈ ಕಟ್ಟಡವು ಸುಮಾರು 216 ಅಡಿ ಉದ್ದ, 176 ಅಡಿ ಅಗಲವಿದ್ದು, ಸಾಮಾನ್ಯವಾಗಿ ಮಸೀದಿಗಳಲ್ಲಿರುವ ಬಯಲಂಗಳವಿಲ್ಲದೆ ಪೂರ್ತಿಯಾಗಿ ಗುಮ್ಮಟಗಳಿಂದ ಮುಚ್ಚಿದೆ. ಒಳಗೆ ಕಮಾನಿನ ಹಿಂದೆ ಕಮಾನು, ಮಂದವಾದ ಬೆಳಕು; ಪಕ್ಕದಲ್ಲಿ ಕಣ್ಣು ಕುಕ್ಕುವ ಬಿಸಿಲು. ಪುರಾತತ್ವ ಇಲಾಖೆಯ ಅಪ್ಪಣೆಯಿಲ್ಲದೆ ಮುಕ್ಕಾಲಿಯನ್ನು ಊರುವಂತಿಲ್ಲವಾದ್ದರಿಂದ ಕೈಯಲ್ಲಿ ಹಿಡಿದೇ ತೆಗೆಯಬೇಕು. ಲೆನ್ಸಿನ ಗುಣದೋಷಗಳು ಇಲ್ಲಿ ಬಯಲಾಗುವಷ್ಟು ಬೇರೆಲ್ಲಿಯೂ ಆಗಲಾರವು. ಅದೇ ಕಂಬ, ಅದೇ ಕಮಾನು, ಅದೇ ಮುಖ. ಎರಡೂ ಲೆನ್ಸುಗಳಿಂದ ತೆಗೆದೆವು.

ಗಣಕದ ಪರದೆಯ ಮೇಲೆ ಹಿಗ್ಗಿಸಿ ನೋಡಿದಾಗ ಭೇದಗಳು ಕಂಡವು. ಕಿಂಡಿಯನ್ನು ಪೂರ್ತಿ ತೆರೆದಾಗ ಹೊರಗಿನ ಲೆನ್ಸಿನ ಚಿತ್ರದ ಮೂಲೆಗಳು ಕೊಂಚ ಮೆದು. ಬಾಗಿಲ ಬಿಸಿಲಿಗೆ ಮುಖ ಮಾಡಿದಾಗ ಒಂದು ತೆಳುವಾದ ಮಸುಕು. ನಡುಭಾಗದಲ್ಲಿ, ಅಂದರೆ ಮುಖವಿರುವ ಜಾಗದಲ್ಲಿ, ನನ್ನ ಕಣ್ಣಿಗೆ ಭೇದವಿಲ್ಲ. ಕಿಂಡಿಯನ್ನು ಎಫ್/5.6ಕ್ಕೆ ಇಳಿಸಿದ ಮೇಲೆ ಮೂಲೆಗಳೂ ಸರಿಯಾದವು. ಎಲ್ಲವನ್ನೂ ಆಲ್ಬಮ್ಮಿನ ಅಳತೆಗೆ ಅಚ್ಚು ಹಾಕಿಸಿ, ಹಿಂದೆ ಗುರುತು ಬರೆದು, ಆತನ ತಾಯಿಯ ಮುಂದೆ ಹರವಿದೆವು. ಹಿಂದಿನ ವರ್ಷವಷ್ಟೇ ಆಕೆಯ ಕಣ್ಣಿನ ಪೊರೆ ತೆಗೆದು ಒಳಗೊಂದು ಲೆನ್ಸು ಹಾಕಿದ್ದರು. (ಆ ಲೆನ್ಸುಗಳೂ ಒಂದು ಕಾಲಕ್ಕೆ ಪರದೇಶದಿಂದ ಬಂದು ಬಡವರಿಗೆ ನಿಲುಕದಂತಿದ್ದವು, ಮದುರೆಯಲ್ಲಿ 1992ರಲ್ಲಿ ಆರೋಲ್ಯಾಬ್ ತೊಡಗಿದ ಮೇಲೆ ಅವುಗಳ ಬೆಲೆ ಇಳಿಯಿತೆಂಬದನ್ನು ಇಲ್ಲಿ ನೆನೆಯದೆ ಇರಲಾರೆನು.) ಆಕೆ ಬಹಳ ಹೊತ್ತು ನೋಡಿ ತನಗೆ ಚೆಂದ ಕಂಡ ಆರು ಚಿತ್ರಗಳನ್ನು ಆರಿಸಿದರು. ತಿರುವಿ ನೋಡಿದರೆ ಮೂರು ಇದರವು, ಮೂರು ಅದರವು.

ಹೊರಗಿನ ಮನೆಯದನ್ನೇ ಕೊಳ್ಳುವದೆಂದು ನಿಶ್ಚಯವಾಯಿತು. ಆದರೆ ಕೊಳ್ಳುವಾಗ ನಮ್ಮ ಸ್ಥಾಲೀಪುಲಾಕ ನ್ಯಾಯವು ನಡೆಯದು. ಒಂದು ಅಗುಳನ್ನು ಹಿಸುಕಿ ಗಡಿಗೆಯ ಅನ್ನವೆಲ್ಲ ಬೆಂದಿತೆನ್ನಬಹುದು. ಒಂದು ಲೆನ್ಸನ್ನು ನೋಡಿ ಅದೇ ಜಾತಿಯ ಇನ್ನೊಂದು ಚೆನ್ನಾಗಿದೆಯೆನ್ನಲಾಗದು. ಒಳಗಿನ ಗಾಜೊಂದು ತುಸು ವಾರೆಯಾಗಿ ಕುಳಿತಿದ್ದರೆ ಒಂದೇ ಮೂಲೆ ಮಸುಕಾಗುವದು. ಆದ್ದರಿಂದ ಗೋಡೆಗೆ ಹಳೆಯ ಪತ್ರಿಕೆಯ ಹಾಳೆಗಳನ್ನು ಸಪಾಟಾಗಿ ಅಂಟಿಸಿ, ಕ್ಯಾಮರಾವನ್ನು ಗೋಡೆಗೆ ನೇರ ಎದುರಾಗಿ ಮುಕ್ಕಾಲಿಯ ಮೇಲಿಟ್ಟು, ಕಿಂಡಿ ಪೂರ್ತಿ ತೆರೆದು ಒಂದು, ಎಫ್/8ರಲ್ಲಿ ಒಂದು ಚಿತ್ರ ತೆಗೆದು ನಾಲ್ಕೂ ಮೂಲೆಗಳ ಅಕ್ಷರಗಳನ್ನು ಓದಿ ನೋಡಬೇಕು. ನಾಲ್ಕೂ ಸಮನಾಗಿ ಮೆದುವಾಗಿದ್ದರೆ ಅದು ಆ ಲೆನ್ಸಿನ ಸ್ವಭಾವ. ಒಂದೇ ಮೂಲೆ ಕೆಟ್ಟಿದ್ದರೆ ಅದು ಕೂಡಿಸಿದವರ ತಪ್ಪು, ಕೂಡಲೇ ಹಿಂದಿರುಗಿಸತಕ್ಕದ್ದು. ಇದಕ್ಕಾಗಿಯೇ ಪಕ್ಕಾ ಬಿಲ್ಲು ಬೇಕು. ಬಿಲ್ಲಿಲ್ಲದೆ ನಾಲ್ಕು ಸಾವಿರ ಕಡಿಮೆಗೆ ಕೊಡುವೆನೆನ್ನುವವನ ಅಂಗಡಿಯಿಂದ ಆ ದಿನ ನಾವು ಎದ್ದು ಬಂದೆವು. ಗೃಹಸ್ಥರು ಮಕ್ಕಳುಮರಿಗಳ ಚಿತ್ರಕ್ಕೆಂದು 50 ಮಿ.ಮೀ. ಎಫ್/1.8 ಒಂದನ್ನೇ ಬಯಸುವದಾದರೆ, ಅದನ್ನು ದೊಡ್ಡ ಹೆಸರಿನ ಮನೆಗಳೂ ಸಾಕಷ್ಟು ಅಗ್ಗವಾಗಿಯೇ ಮಾರುತ್ತವೆ. ಅಲ್ಲಿ ನಕಲಿಗೆ ಹೋಗಿ ಉಳಿಸುವದು ಅಲ್ಪ. ನಮ್ಮ ಸೀಮೆಯ ಬೇಸಿಗೆಯ ಧೂಳು ಯಾವ ಲೆನ್ಸಿಗೂ ಶತ್ರು. ಮಳೆಗಾಲದಲ್ಲಿ ಬಿಗಿಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಚೀಟಿಗಳೊಡನೆ ಇಡದಿದ್ದರೆ ಗಾಜಿನ ಮೇಲೆ ಬೂಷ್ಟು ಬಲೆ ನೇಯುವದು.

ವೈಶಾಖದ ಲಗ್ನಗಳಿಗೆಲ್ಲ ಆತನು ಆ ಲೆನ್ಸನ್ನೇ ಒಯ್ದನು. ಲೆನ್ಸಿನ ಕಂಪನಿ ಯಾವುದೆಂದು ಒಬ್ಬನೇ ಕೇಳಿದನಂತೆ. ಅವನೂ ಮದುಮಗನ ಕಡೆಯ ಒಬ್ಬ ಹುಡುಗ, ಕ್ಯಾಮರಾದ ಹುಚ್ಚಿನವನು. ತೊಡಕಾದದ್ದು ಒಂದೇ ಕಡೆ. ಕಮಲಾಪುರದ ಕಡೆಗೆ ಒಂದು ಮನೆಯಂಗಳದಲ್ಲಿ ಹಾಕಿದ ಇಕ್ಕಟ್ಟಿನ ಹಂದರದಲ್ಲಿ ಇಡೀ ಮಂಟಪವು 28ರ ನೋಟದಲ್ಲಿ ಹಿಡಿಸದೆ, ಹಿಂದಕ್ಕೆ ಸರಿಯುತ್ತ ಸರಿಯುತ್ತ ಆತನು ವಾಲಗದವರ ಮಡಿಲಲ್ಲಿ ಕುಳಿತುಬಿಟ್ಟನು. ಈಗ ಅಗಲನೋಟದ್ದೊಂದು ಬೇಕೆಂದು ನೋಡುತ್ತಿದ್ದಾನೆ. ಆ ವಿಷಯ ಮಾತನಾಡಲು ಮೊನ್ನೆ ನಂದೂರಿಗೆ ಬಂದಿದ್ದನು, ಒಬ್ಬನೇ. ತಾಯಿ ಊರಲ್ಲಿ ಯಾರದೋ ಉಡಿ ತುಂಬುವದಕ್ಕೆ ಪಾಟಲಿ ಹಾಕಿಕೊಂಡು ಹೋಗಿದ್ದಾರೆಂದು ಹೇಳಿದನು.