ಫ್ರಾನ್ಸಿನ ಥ್ರೆಡ್, ಇಂಗ್ಲೆಂಡಿನ ತಲೆ, ಹರಿಹರದ ಲೇತು!

ಒಂದು ಬೋಲ್ಟು. ಕಿರುಬೆರಳಿಗಿಂತ ತೆಳ್ಳಗೆ. ಬರೀ 8 ಮಿಲಿಮೀಟರ್. ಅದೊಂದು ಸಿಗದೆ ಇಡೀ ಕಾರು ವರ್ಷಗಟ್ಟಲೆ ಶೆಡ್ಡಿನಲ್ಲೇ ನಿಂತಿರುತ್ತದೆ ಎಂದರೆ ನಂಬುತ್ತೀರಾ?

ನಂಬಲೇಬೇಕು! ಬೆಳ್ಳಟ್ಟಿಯಲ್ಲಿ ಕೂತು ಹಳೇ ಕಾರಿಗೆ ಜೀವ ಕೊಡಲು ಹೊರಟವರ ದಾರಿ ನೋಡಿ. ಶಿರಹಟ್ಟಿ. ಲಕ್ಷ್ಮೇಶ್ವರ. ಗದಗ. ಹುಬ್ಬಳ್ಳಿ. ಕೊನೆಗೆ ಬೆಂಗಳೂರಿನ ಜೆ.ಸಿ. ರಸ್ತೆ. ಎಲ್ಲ ಕಡೆಯೂ 8 ಮಿಲಿಮೀಟರಿನ ಬೋಲ್ಟು ಡಬ್ಬಿಗಟ್ಟಲೆ ಇದೆ! ತಂದು ಹಚ್ಚಿದರೆ?

"ಎರಡು ಸುತ್ತು ಹೋಗ್ತದ್ರೀ, ಆಮ್ಯಾಲೆ ಗಪ್ಪನ ಹಿಡೀತದ!"

ದಪ್ಪ ಸರಿಯಿದೆ. ಉದ್ದ ಸರಿಯಿದೆ. ಮತ್ತೇಕೆ ಹಿಡಿಯುತ್ತದೆ? ಇಲ್ಲಿಂದಲೇ ಶುರು ನೋಡಿ, ಮೈ ಜುಮ್ಮೆನ್ನುವ ಕಥೆ!

ಅಂಥ ಹಳೇ ಕಾರುಗಳಲ್ಲೊಂದು, ಸ್ವಾತಂತ್ರ್ಯದ ಆಸುಪಾಸಿನಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಹೊರತಂದ ಹಿಂದೂಸ್ತಾನ್ 10. ಮೂಲದಲ್ಲಿ ಅದು ಇಂಗ್ಲೆಂಡಿನ ಮಾರಿಸ್ 10. ಈಗ ಊಹಿಸಿ: ಅದರ ಎಂಜಿನ್ ಬೋಲ್ಟಿನ ಥ್ರೆಡ್ ಯಾವ ದೇಶದ ಅಳತೆಯದು? ಇಂಗ್ಲೆಂಡಿನದೇ? ಅಲ್ಲ! ಅಮೆರಿಕದ್ದೇ? ಅದೂ ಅಲ್ಲ!

ಫ್ರಾನ್ಸಿನದು!

ಕಾರಣ ಕೇಳಿದರೆ ದಂಗಾಗುತ್ತೀರಿ. ಹಾಚ್ಕಿಸ್ ಎಂಬ ಫ್ರೆಂಚ್ ಕಂಪನಿ ಮಷೀನ್‌ಗನ್ ಮಾಡುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಅದು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಕಾರ್ಖಾನೆ ತೆರೆಯಿತು. ಯುದ್ಧ ಮುಗಿಯಿತು, ಗನ್ ಬೇಡವಾಯಿತು. ಕಾರ್ಖಾನೆ ಮಾರಿಸ್ ಕಾರಿಗೆ ಎಂಜಿನ್ ಮಾಡಲು ಹಿಡಿಯಿತು. 1923ರಲ್ಲಿ ಆ ಕಾರು ಕಂಪನಿಯ ಒಡೆಯ ಮಾರಿಸ್ ಅದನ್ನು ಕೊಂಡೇ ಬಿಟ್ಟ. ಯಂತ್ರಗಳೆಲ್ಲ ಮೆಟ್ರಿಕ್! ಕೊರೆಯುವ ಥ್ರೆಡ್ಡೂ ಮೆಟ್ರಿಕ್!

ಆದರೆ ಇಂಗ್ಲೆಂಡಿನ ಮೇಸ್ತ್ರಿಗಳ ಕೈಯಲ್ಲಿದ್ದದ್ದು ಇಂಚಿನ ಲೆಕ್ಕದ ವಿಟ್‌ವರ್ತ್ ಪಾನಾ. ಏನು ಮಾಡಿದರು ಗೊತ್ತೇ? ಥ್ರೆಡ್ ಫ್ರಾನ್ಸಿನದೇ ಇರಲಿ ಎಂದರು. ತಲೆ ಮಾತ್ರ ಇಂಗ್ಲೆಂಡಿನ ಪಾನಾಕ್ಕೆ ಹೊಂದುವಂತೆ ಮಾಡಿದರು. ಒಂದೇ ಬೋಲ್ಟಿನಲ್ಲಿ ಎರಡು ದೇಶ!

ಆ ಪಾನಾ ಕೂಡ ಸಾಮಾನ್ಯದ್ದಲ್ಲ. ಅದರ ಮೇಲೆ 1/4 ಎಂದು ಕೊರೆದಿದೆ ಎಂದುಕೊಳ್ಳಿ. ಕಾಲು ಇಂಚು, ಅಂದರೆ 6.35 ಮಿಲಿಮೀಟರ್. ಹಾಗಾದರೆ ಪಾನಾದ ಬಾಯಿ ಎಷ್ಟಗಲ? 6.35 ಅಂದಿರಾ? ಅಳೆದು ನೋಡಿ: 13.3! ವಿಟ್‌ವರ್ತ್ ಪಾನಾದ ಮೇಲಿನ ಅಂಕೆ ಬೋಲ್ಟಿನ ತಲೆಯದಲ್ಲ, ಮೈಯದು. 13ರ ಪಾನಾ ಹೋಗದು, 14ರದು ಜಾರುತ್ತದೆ!

ಈಗ ಆ ಹಿಡಿಯುವ ಬೋಲ್ಟಿನ ಗುಟ್ಟು. ಒಂದು ಹಾಳೆಯ ಮೇಲೆ ಕಾರ್ಬನ್ ಪೇಪರ್ ಇಡಿ. ಹಳೇ ಬೋಲ್ಟನ್ನು ಒತ್ತಿ ಉರುಳಿಸಿ. ಹಾಳೆಯ ಮೇಲೆ ಸಾಲುಸಾಲು ಗೆರೆ ಮೂಡುತ್ತವೆ. ಸ್ಕೇಲಿಟ್ಟು ಹತ್ತು ಸಂದು ಎಣಿಸಿ. ಅಂಗಡಿಯ ಬೋಲ್ಟಿನಲ್ಲಿ ಹತ್ತು ಸಂದಿಗೆ 12.5 ಮಿಲಿಮೀಟರ್. ಆ ಹಳೇ ಎಂಜಿನ್ನಿನ ಬೋಲ್ಟಿನಲ್ಲಿ? ಬರೀ 10! ಒಂದು ಸುತ್ತಿಗೆ ಕಾಲು ಮಿಲಿಮೀಟರ್ ವ್ಯತ್ಯಾಸ. ಅಷ್ಟಕ್ಕೇ ಕಾರು ಶೆಡ್ಡಿನಲ್ಲಿ!

ಇನ್ನೊಂದು ಮೋಸಗಾರ ಜೋಡಿಯಿದೆ. ಇದಕ್ಕೆ ನನಗಂತೂ ಮೈ ನಡುಗುತ್ತದೆ. 3/8 ಇಂಚಿನ ವಿಟ್‌ವರ್ತ್ ಬೋಲ್ಟಿಗೆ ಇಂಚಿಗೆ 16 ಥ್ರೆಡ್. ಅದೇ ದಪ್ಪದ ಅಮೆರಿಕನ್ ಬೋಲ್ಟಿಗೂ 16. ನಟ್ಟು ಸಲೀಸಾಗಿ ಏರುತ್ತದೆ! ಆದರೆ 1841ರಲ್ಲಿ ಜೋಸೆಫ್ ವಿಟ್‌ವರ್ತ್ ಥ್ರೆಡ್ಡಿಗೆ ಇಟ್ಟ ಕೋನ 55 ಡಿಗ್ರಿ, ಅಮೆರಿಕನ್ನರದು 60. ಐದೇ ಡಿಗ್ರಿ! ಬಿಗಿಯಾದಂತೆ ಕಾಣುತ್ತದೆ, ಪೂರ್ತಿ ಕಚ್ಚಿರುವುದಿಲ್ಲ. ಅಂಥ ನಟ್ಟನ್ನು ಸ್ಟೇರಿಂಗಿಗೆ ಹಾಕಿದರೆ? ಬೇಡ, ಖಂಡಿತ ಬೇಡ!

ಹಳೇ ವಿಲೀಸ್ ಜೀಪಿನ ಎಡಗಾಲಿ ಬಿಚ್ಚಿದ್ದೀರಾ? ಮೈಯೆಲ್ಲ ಬೆವರಿದರೂ ನಟ್ಟು ಅಲುಗದು. ಪೈಪು ಸಿಕ್ಕಿಸಿ ಒತ್ತಿದರೆ ಸ್ಟಡ್ಡೇ ಮುರಿದು ಕೈಗೆ ಬರುತ್ತದೆ! ತುಕ್ಕು ಹಿಡಿದಿತ್ತೇ? ಇಲ್ಲ, ತಿರುಗಿಸಿದ ದಿಕ್ಕೇ ತಪ್ಪು! ಎಡಗಾಲಿಗಳಿಗೆ ಅಲ್ಲಿ ಉಲ್ಟಾ ಥ್ರೆಡ್. ಸೈಕಲ್ಲಿನ ಎಡ ಪೆಡಲ್ಲಿಗೂ ಹಾಗೇ.

ಸರಿ, ಸಿಗದ ಬೋಲ್ಟನ್ನು ತರುವುದೆಲ್ಲಿಂದ? ತರುವುದೇಕೆ, ಮಾಡಿಸಿ! ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಪ್ಯಾಕರ್ಡ್ ಕಾರು ಕಂಪನಿ ರೋಲ್ಸ್ ರಾಯ್ಸ್‌ನ ಮರ್ಲಿನ್ ವಿಮಾನ ಎಂಜಿನ್ ತಯಾರಿಸಲು ನಿಂತಾಗ, ಬ್ರಿಟಿಷ್ ಥ್ರೆಡ್ ಕೊರೆಯುವ ಟ್ಯಾಪು, ಡೈಗಳನ್ನು ತಾನೇ ಮಾಡಿಕೊಂಡಿತು. ನಮಗೆ ಬೇಕಾದದ್ದು ಒಂದೇ ಒಂದು ಲೇತು.

ಅದರ ತವರು ಎಲ್ಲಿ ಗೊತ್ತೇ? ನಮ್ಮ ಪಕ್ಕದ ಹರಿಹರ! ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು ಶುರುಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನ 1941ರಲ್ಲಿ ತುಂಗಭದ್ರೆಯ ದಂಡೆಯ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಟ್ಟಿತು. ಅಲ್ಲಿ ಹುಟ್ಟಿದ ಲೇತುಗಳು ದೇಶದ ಮೂಲೆಮೂಲೆಗೂ ಹೋದವು!

ಈಗ ಕೊನೆಯ ಒಗಟು, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಹಳೇ ಲೇತಿನಲ್ಲಿ ಕೊರೆಯುವ ಉಳಿಯನ್ನು ಸರಿಸುವ ಉದ್ದನೆಯ ಲೀಡ್ ಸ್ಕ್ರೂ ಇಂಚಿನ ಲೆಕ್ಕದ್ದು. ನಮಗೆ ಬೇಕಾದ ಥ್ರೆಡ್ ಮಿಲಿಮೀಟರಿನದು. ಎರಡನ್ನೂ ಕೂದಲೆಳೆಯ ತಪ್ಪೂ ಇಲ್ಲದೆ ಬೆಸೆಯುವ ಒಂದು ಗೇರು ಇದೆ. ಅದಕ್ಕೆ ಎಷ್ಟು ಹಲ್ಲು?

100? ಅಲ್ಲ. 120? ಅಲ್ಲ!

127!

ಒಂದು ಇಂಚಿಗೆ 25.4 ಮಿಲಿಮೀಟರ್. ಐದರಿಂದ ಗುಣಿಸಿ: 127! ಅದು ಅವಿಭಾಜ್ಯ ಸಂಖ್ಯೆ, ಹಾಗಾಗಿ ಚಿಕ್ಕ ಗೇರಿಗೆ ಪೂರ್ತಿ ನಿಖರತೆ ಸಾಧ್ಯವೇ ಇಲ್ಲ. ಇಂಗ್ಲೆಂಡು ಫ್ರಾನ್ಸುಗಳ ಅಳತೆಯ ಜಗಳ ಒಂದು ಗೇರಿನ ಹಲ್ಲಿನಲ್ಲಿ ಮುಗಿಯಿತು!

ಸಾದಾ ಕಬ್ಬಿಣದ ಸರಳಿನಿಂದ ಮಾತ್ರ ಮಾಡಿಸಬೇಡಿ. ತಲೆಯ ಮೇಲೆ 8.8 ಎಂದಿರುವ ಉದ್ದನೆಯ ಬೋಲ್ಟು ಕೊಳ್ಳಿ. ಅದರ ಥ್ರೆಡ್ ಇರುವ ತುದಿ ಕತ್ತರಿಸಿ, ಮೇಲಿನ ನುಣುಪು ಮೈಗೆ ಹೊಸ ಥ್ರೆಡ್ ಹಾಕಿಸಿ. ಆ ಮೊದಲ 8ರ ಅರ್ಥ: ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆತದವರೆಗೆ ತುಂಡಾಗದು. ಅಂದರೆ 8 ಮಿಲಿಮೀಟರಿನ ಆ ಪುಟ್ಟ ಬೋಲ್ಟು ಎಷ್ಟು ಭಾರ ತಡೆಯಬಲ್ಲದು? ಸುಮಾರು 3 ಟನ್! ಥಳಥಳಿಸುವ ಸ್ಟೇನ್‌ಲೆಸ್ ಬೋಲ್ಟಿಗೆ ಮರುಳಾಗಬೇಡಿ, ತಲೆಯ ಮೇಲೆ ಎ2-70 ಎಂದಿದ್ದರೆ ಅದರ ತಾಕತ್ತು 700 ಮಾತ್ರ. ಬ್ರೇಕು, ಸ್ಟೇರಿಂಗುಗಳ ಬೋಲ್ಟಿನಲ್ಲಿ ಯಾವ ಪ್ರಯೋಗವೂ ಬೇಡ, ಅಲ್ಲಿಗೆ ಅಸಲಿ ದರ್ಜೆಯದೇ ಆಗಬೇಕು.

ನಿಮ್ಮ ಅಜ್ಜನ ಕಾಲದ ಕಾರೋ ಜೀಪೋ ಶೆಡ್ಡಿನಲ್ಲಿದೆಯೇ? ಮುರಿದ ಬೋಲ್ಟಿನ ತುಂಡನ್ನು ದಯವಿಟ್ಟು ಗುಜರಿಗೆ ಹಾಕಬೇಡಿ. ಕಾಗದದಲ್ಲಿ ಸುತ್ತಿ, ಯಾವ ಜಾಗದ್ದೆಂದು ಮೇಲೆ ಬರೆದು, ಲೇತ್ ಅಂಗಡಿಗೆ ಒಯ್ಯಿರಿ. ಹೋದ ಕೂಡಲೇ ಕೇಳಿ: "ಅಣ್ಣಾರ, ನಿಮ್ಮ ಕಡೆ 127ರ ಗೇರು ಐತೇನ್ರೀ?"